ಈ ಅಂಕಿಗಳಿಗೆ ಯಾವ ನಕ್ಷೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ನನ್ನವಲ್ಲ. ಪ್ರೌಢಶಾಲೆಯ ಗಣಿತ ಶಿಕ್ಷಕರು, ಎಂ.ಎ. ಪ್ರಬಂಧಕ್ಕಾಗಿ ಸಮೀಕ್ಷೆ ಮಾಡಿದವರು, ಪಂಚಾಯಿತಿಯ ವಾರ್ಷಿಕ ವರದಿ ಸಿದ್ಧಪಡಿಸುವವರು, ಪತ್ರಿಕೆಯಲ್ಲಿ ಪುಟ ಕಟ್ಟುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದವು. ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಹೋಗುತ್ತ ಹೋಗುತ್ತ ತೊಡಕಿನವು. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದಲೇ ಓದಲು ಶುರುಮಾಡಬಹುದು.

### ಮೊದಲ ಹೆಜ್ಜೆಯ ಪ್ರಶ್ನೆಗಳು

ನನ್ನ ಹತ್ತಿರ ಅಂಕಿಗಳಿವೆ. ಯಾವ ನಕ್ಷೆ ಹಾಕಬೇಕು ಹೇಳಿ.

ಅಂಕಿಗಳನ್ನಷ್ಟೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಅವುಗಳ ಮೂಲಕ ನೀವು ಯಾವ ಮಾತು ಹೇಳಲು ಹೊರಟಿದ್ದೀರಿ ಎಂಬುದನ್ನು ಮೊದಲು ಒಂದು ವಾಕ್ಯವಾಗಿ ಬರೆಯಿರಿ. ನಕ್ಷೆಯನ್ನು ಆ ವಾಕ್ಯವೇ ಆರಿಸುತ್ತದೆ.

2011ರ ಜನಗಣತಿಯ ಸಾಕ್ಷರತೆಯ ಕೋಷ್ಟಕವನ್ನೇ ತೆಗೆದುಕೊಳ್ಳಿ. "ದಕ್ಷಿಣ ಕನ್ನಡದಲ್ಲಿ ಶೇ 88.57, ಯಾದಗಿರಿಯಲ್ಲಿ ಶೇ 51.83" ಎನ್ನುವುದು ನಿಮ್ಮ ಮಾತಾದರೆ ಅದು ಜಿಲ್ಲೆಗಳ ಹೋಲಿಕೆ. ಅದಕ್ಕೆ ಕಂಬದ ನಕ್ಷೆ ಬೇಕು. "ರಾಜ್ಯದಲ್ಲಿ 1991ರಲ್ಲಿ ಶೇ 56.04 ಇದ್ದದ್ದು 2001ರಲ್ಲಿ 66.64ಕ್ಕೆ, 2011ರಲ್ಲಿ 75.36ಕ್ಕೆ ಏರಿತು" ಎನ್ನುವುದಾದರೆ ಕಾಲದ ಕಥೆ. ಅದಕ್ಕೆ ಗೆರೆ ನಕ್ಷೆ. "ಗಂಡಸರಲ್ಲಿ ಶೇ 82.47, ಹೆಂಗಸರಲ್ಲಿ ಶೇ 68.08. ಈ ಕಂದರ ಯಾವ ಜಿಲ್ಲೆಯಲ್ಲಿ ಅಗಲ, ಯಾವ ಜಿಲ್ಲೆಯಲ್ಲಿ ಕಿರಿದು?" ಎಂಬುದು ನಿಮ್ಮ ಕುತೂಹಲವಾದರೆ, ಜಿಲ್ಲೆಗೊಂದು ಅಡ್ಡಗೆರೆ ಎಳೆದು ಅದರ ಮೇಲೆ ಎರಡು ಚುಕ್ಕಿ ಇಡಿ. ಚುಕ್ಕಿಗಳ ನಡುವಿನ ದೂರವೇ ಉತ್ತರ ಹೇಳುತ್ತದೆ. "ಹೆಚ್ಚಿನ ಜಿಲ್ಲೆಗಳು ಯಾವ ಮಟ್ಟದಲ್ಲಿ ಗುಂಪುಗೂಡಿವೆ?" ಎಂದಾದರೆ ಹಿಸ್ಟೋಗ್ರಾಮ್, ಅಂದರೆ ಒಂದೊಂದು ಮಟ್ಟದಲ್ಲಿ ಎಷ್ಟು ಜಿಲ್ಲೆಗಳಿವೆ ಎಂದು ತೋರಿಸುವ ಕಂಬಗಳು. ಕೋಷ್ಟಕ ಒಂದೇ, ನಕ್ಷೆ ನಾಲ್ಕು.

ವಾಕ್ಯ ಬರೆಯಲು ಆಗುತ್ತಿಲ್ಲವೆಂದರೆ ನಕ್ಷೆ ಹಾಕುವ ಹೊತ್ತು ಇನ್ನೂ ಬಂದಿಲ್ಲ. ಅಂಕಿಗಳ ಜೊತೆ ಇನ್ನಷ್ಟು ಕಾಲ ಕುಳಿತುಕೊಳ್ಳಿ.

ಚಾರ್ಟ್, ಗ್ರಾಫ್, ನಕ್ಷೆ, ಆಲೇಖ ಎಲ್ಲ ಒಂದೇ ಅಲ್ಲವೇ?

ಬಳಕೆಯಲ್ಲಿ ಹೆಚ್ಚುಕಡಿಮೆ ಒಂದೇ. ತೊಡಕಿರುವುದು ನಕ್ಷೆ ಎಂಬ ಪದದಲ್ಲಿ. ಊರಿನ ನಕ್ಷೆಯೂ ನಕ್ಷೆ, ಮನೆಯ ನಕ್ಷೆಯೂ ನಕ್ಷೆ, ಗ್ರಾಫ್ ಹಾಳೆಯ ಮೇಲೆ ಬರೆದದ್ದೂ ನಕ್ಷೆ. ಇಲ್ಲಿ ಅಂಕಿಗಳ ಚಿತ್ರಕ್ಕೆ ನಕ್ಷೆ ಎಂದೂ ಜಿಲ್ಲೆ, ರಾಜ್ಯಗಳ ಚಿತ್ರಕ್ಕೆ ಭೂಪಟ ಎಂದೂ ಬರೆದಿದ್ದೇನೆ. ಕಂಬದ ನಕ್ಷೆಯೆಂದರೆ ಬಾರ್ ಚಾರ್ಟ್, ಪಠ್ಯಪುಸ್ತಕದ ಸ್ತಂಭಾಲೇಖ. ಗೆರೆ ನಕ್ಷೆಯೆಂದರೆ ಲೈನ್ ಚಾರ್ಟ್.

ನಕ್ಷೆ ಬೇಕೇ ಬೇಕೆ? ಕೋಷ್ಟಕ ಹಾಕಿದರೆ ಸಾಲದೆ?

ಎಷ್ಟೋ ಸಲ ಸಾಕು. ಓದುಗರು ತಮಗೆ ಬೇಕಾದ ಒಂದು ಅಂಕಿಯನ್ನು ಹುಡುಕಿಕೊಂಡು ಬರುವವರಾದರೆ ಕೋಷ್ಟಕವೇ ಸರಿ. ಬಸ್ಸಿನ ವೇಳಾಪಟ್ಟಿಯನ್ನು ನಕ್ಷೆಯಾಗಿ ಹಾಕಿದರೆ ಶಾಪ ಹಾಕುತ್ತಾರೆ. ಇರುವುದು ಎರಡೇ ಅಂಕಿಯಾದರೆ ಕೋಷ್ಟಕವೂ ಬೇಡ, ವಾಕ್ಯದಲ್ಲಿ ಬರೆದುಬಿಡಿ. ಅಂಕಿಗಳ ಏರಿಳಿತ, ಗುಂಪು, ಅಂತರ ಕಣ್ಣಿಗೆ ಕಾಣಬೇಕಾದಾಗ ಮಾತ್ರ ನಕ್ಷೆಗೆ ಕೆಲಸ.

ಕಂಬ ಹಾಕಲೋ, ಗೆರೆ ಎಳೆಯಲೋ? ಯಾವಾಗಲೂ ಗೊಂದಲ.

ಎರಡು ಬಿಂದುಗಳ ನಡುವೆ ಎಳೆದ ಗೆರೆಗೆ ಅರ್ಥವಿದೆಯೇ ಎಂದು ಕೇಳಿಕೊಳ್ಳಿ. ಜೂನ್ ಮತ್ತು ಜುಲೈ ನಡುವೆ ದಿನಗಳಿವೆ, ಹಾಗಾಗಿ ಗೆರೆಗೆ ಅರ್ಥವಿದೆ. ರಾಯಚೂರಿಗೂ ಉಡುಪಿಗೂ ನಡುವೆ ಗೆರೆ ಎಳೆದರೆ ಆ ಇಳಿಜಾರು ಏನು ಹೇಳುತ್ತದೆ? ಏನೂ ಇಲ್ಲ. ಜಿಲ್ಲೆ, ಬೆಳೆ, ಪಕ್ಷ, ವಿಷಯ ಮುಂತಾದ ಬಿಡಿ ಬಿಡಿ ಸಂಗತಿಗಳಿಗೆ ಕಂಬ. ಕಾಲದಂತೆ ಹರಿಯುವುದಕ್ಕೆ ಗೆರೆ.

ಇತಿಹಾಸದಲ್ಲೂ ಇವೆರಡು ಹೀಗೆಯೇ ಬೇರೆಯಾದವು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ವ್ಯಾಪಾರದ ಲೆಕ್ಕವನ್ನು ವರ್ಷವರ್ಷವಾಗಿ ಗೆರೆಗಳಲ್ಲಿ ಬರೆದು ಪ್ರಕಟಿಸಿದ. ತನ್ನದೇ ಸ್ಕಾಟ್ಲೆಂಡಿನ ಪಾಳಿ ಬಂದಾಗ ಅವನ ಕೈಯಲ್ಲಿದ್ದದ್ದು ಒಂದೇ ವರ್ಷದ ಲೆಕ್ಕ. ಒಂದು ವರ್ಷದಿಂದ ಗೆರೆ ಹೇಗೆ ಎಳೆಯುವುದು? ದೇಶಕ್ಕೊಂದು ಕಂಬ ಹಾಕಿದ. ಕಂಬದ ನಕ್ಷೆ ಹುಟ್ಟಿದ್ದು ಹೀಗೆ, ಅಂಕಿಯ ಕೊರತೆಯಿಂದ.

ಕಂಬಗಳನ್ನು ಅಡ್ಡಕ್ಕೆ ಮಲಗಿಸಬಹುದೆ?

ಕನ್ನಡದಲ್ಲಿ ಬರೆಯುವವರು ಅದನ್ನೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ನಿಂತ ಕಂಬಗಳ ಅಡಿಯಲ್ಲಿ "ಚಿಕ್ಕಬಳ್ಳಾಪುರ", "ಬೆಂಗಳೂರು ಗ್ರಾಮಾಂತರ" ಎಂದು ಬರೆಯಲು ಜಾಗ ಸಾಲದೆ ಹೆಸರುಗಳನ್ನು ಓರೆಯಾಗಿ ತಿರುಗಿಸುತ್ತಾರೆ. ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ, ಓದುಗರ ಕತ್ತು ನೋಯುತ್ತದೆ. ಕಂಬ ಮಲಗಿಸಿದರೆ ಹೆಸರು ನೆಟ್ಟಗೆ ಕೂರುತ್ತದೆ.

ಇನ್ನೊಂದು ಮಾತು. ಜಿಲ್ಲೆಗಳನ್ನು ಅಕಾರಾದಿಯಲ್ಲಿ ಜೋಡಿಸಬೇಡಿ, ಬೆಲೆಯ ಇಳಿಕೆಯ ಕ್ರಮದಲ್ಲಿ ಜೋಡಿಸಿ. ಮೊದಲನೆಯವರು ಯಾರು, ಕೊನೆಯವರು ಯಾರು, ನಮ್ಮ ಜಿಲ್ಲೆ ಎಲ್ಲಿ ಎಂಬುದು ತಾನಾಗಿ ತಿಳಿಯುತ್ತದೆ. ತಿಂಗಳು, ವಯಸ್ಸಿನ ಗುಂಪು, ತರಗತಿ ಇವಕ್ಕೆ ತಮ್ಮದೇ ಕ್ರಮವಿದೆ. ಅದನ್ನು ಮಾತ್ರ ಕದಡಬಾರದು.

### ಪಾಲು ಮತ್ತು ಹರಡು

ಪೈ ಚಾರ್ಟ್ ಹಾಕಲೇಬಾರದು ಎನ್ನುತ್ತಾರಲ್ಲ, ನಿಜವೆ?

ಅಷ್ಟು ಕಟುವಾಗಬೇಕಿಲ್ಲ, ಆದರೆ ಅದಕ್ಕೆ ಶಕ್ತಿ ಕಡಿಮೆ. ನಮ್ಮ ಕಣ್ಣು ಕೋನಗಳನ್ನು ಅಳೆಯುವುದರಲ್ಲಿ ಸೋಮಾರಿ. ಒಂದೇ ಬುಡದಿಂದ ಎದ್ದ ಉದ್ದಗಳನ್ನು ಅಳೆಯುವುದರಲ್ಲಿ ಚುರುಕು. ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ.

2023ರ ವಿಧಾನಸಭಾ ಚುನಾವಣೆಯನ್ನು ನೋಡಿ. 224 ಸ್ಥಾನಗಳಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. "ಕಾಂಗ್ರೆಸ್ಸಿಗೆ ಅರ್ಧಕ್ಕಿಂತ ಹೆಚ್ಚು" ಎನ್ನುವುದಷ್ಟೇ ನಿಮ್ಮ ಮಾತಾದರೆ ಪೈ ಚಾರ್ಟ್ ಅದನ್ನು ಚೆನ್ನಾಗಿ ಹೇಳುತ್ತದೆ. ಅರ್ಧ, ಕಾಲು ಎಂಬುವು ವೃತ್ತದಲ್ಲಿ ಎದ್ದು ಕಾಣುತ್ತವೆ. ಆದರೆ ಮತಗಳ ಪಾಲಿಗೂ ಸ್ಥಾನಗಳ ಪಾಲಿಗೂ ಇರುವ ಅಂತರ ನಿಮ್ಮ ವಿಷಯವಾದರೆ ಎರಡು ಪೈ ಅಕ್ಕಪಕ್ಕ ಇಟ್ಟು ಪ್ರಯೋಜನವಿಲ್ಲ. ಕಾಂಗ್ರೆಸ್ ಸುಮಾರು ಶೇ 43 ಮತದಿಂದ ಶೇ 60 ಸ್ಥಾನ ಪಡೆಯಿತು. ಬಿಜೆಪಿ ಶೇ 36 ಮತದಿಂದ ಶೇ 29, ಜೆಡಿಎಸ್ ಶೇ 13 ಮತದಿಂದ ಶೇ 8. ಎಡಕ್ಕೆ ಮತ, ಬಲಕ್ಕೆ ಸ್ಥಾನ ಎಂದು ಎರಡು ಕಡ್ಡಿ ನೆಟ್ಟು ಪಕ್ಷಕ್ಕೊಂದು ಗೆರೆ ಎಳೆಯಿರಿ. ಒಂದು ಗೆರೆ ಮೇಲಕ್ಕೆ ಜಿಗಿಯುತ್ತದೆ, ಎರಡು ಕೆಳಕ್ಕೆ ಇಳಿಯುತ್ತವೆ. ಚುನಾವಣಾ ಪದ್ಧತಿಯ ಪಾಠವೇ ಆ ಚಿತ್ರದಲ್ಲಿದೆ.

ಒಬ್ಬರೇ ಹಲವು ಉತ್ತರ ಗುರುತಿಸಬಹುದಾದ ಸಮೀಕ್ಷೆಗೆ ಮಾತ್ರ ಪೈ ಖಂಡಿತ ಬೇಡ. ಒಟ್ಟು ನೂರನ್ನು ಮೀರುತ್ತದೆ, ವೃತ್ತವೇ ಸುಳ್ಳಾಗುತ್ತದೆ. ಪ್ರಬಂಧಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದು.

ಕಂಬದ ನಕ್ಷೆಯೂ ಹಿಸ್ಟೋಗ್ರಾಮೂ ನೋಡಲು ಒಂದೇ ಥರ. ಮಕ್ಕಳಿಗೆ ವ್ಯತ್ಯಾಸ ಹೇಗೆ ಹೇಳುವುದು?

"ನಡುವೆ ಜಾಗ ಬಿಟ್ಟರೆ ಕಂಬದ ನಕ್ಷೆ, ಬಿಡದಿದ್ದರೆ ಹಿಸ್ಟೋಗ್ರಾಮ್" ಎಂದು ಹೇಳಿಕೊಟ್ಟು ಮುಗಿಸಬೇಡಿ. ಜಾಗ ಯಾಕೆ ಇಲ್ಲ ಎಂಬುದರಲ್ಲಿ ವಿಷಯವಿದೆ. ಕಂಬದ ನಕ್ಷೆಯ ಅಡ್ಡ ಅಕ್ಷದ ಮೇಲೆ ಹೆಸರುಗಳಿರುತ್ತವೆ, ಹಿಸ್ಟೋಗ್ರಾಮಿನಲ್ಲಿ ಸಂಖ್ಯೆಯೇ ಹರಿದಿರುತ್ತದೆ. ಹೆಸರುಗಳನ್ನು ಅದಲುಬದಲು ಮಾಡಬಹುದು. 30 ಮತ್ತು 40ರ ಜಾಗ ಬದಲಿಸಲು ಸಾಧ್ಯವಿಲ್ಲ.

ಮುಂದಿನ ಪ್ರಶ್ನೆ ವರ್ಗಾಂತರದ್ದು, ಅಂದರೆ ಒಂದೊಂದು ಕಂಬದೊಳಗೆ ಎಷ್ಟು ಅಗಲದ ಅಂಕಿಗಳು ಸೇರಬೇಕು ಎಂಬುದು. ಪಠ್ಯದಲ್ಲಿ ವರ್ಗಾಂತರವನ್ನು ಕೊಟ್ಟುಬಿಟ್ಟಿರುತ್ತಾರೆ, ಹಾಗಾಗಿ ಅದು ಒಂದು ಆಯ್ಕೆ ಎಂಬುದೇ ಮಕ್ಕಳಿಗೆ ತಿಳಿಯುವುದಿಲ್ಲ. ಒಂದು ಶಾಲೆಯ ಗಣಿತದ ಅಂಕಗಳಿವೆ, ತೇರ್ಗಡೆಗೆ 35 ಬೇಕು ಎಂದಿಟ್ಟುಕೊಳ್ಳಿ. 20ರ ವರ್ಗಾಂತರದಲ್ಲಿ ಹಾಕಿದರೆ 20–40ರ ಕಂಬದೊಳಗೆ ತೇರ್ಗಡೆಯಾದವರೂ ಆಗದವರೂ ಒಟ್ಟಿಗೆ ಸೇರಿಕೊಳ್ಳುತ್ತಾರೆ. ಐದರ ವರ್ಗಾಂತರಕ್ಕೆ ಬನ್ನಿ. 30–35ರಲ್ಲಿ ಹಳ್ಳ, 35–40ರಲ್ಲಿ ದಿಬ್ಬ ಕಂಡರೆ ಮೌಲ್ಯಮಾಪಕರ ಕೈ ಅಲ್ಲಿ ಕೊಂಚ ಉದಾರವಾಗಿತ್ತೆಂದು ಊಹಿಸಬಹುದು. ಒಂದರ ವರ್ಗಾಂತರಕ್ಕೆ ಇಳಿದರೆ ಎಲ್ಲೆಲ್ಲೂ ಗರಗಸದ ಹಲ್ಲು, ಏನೂ ತಿಳಿಯದು. ಹಾಗಾಗಿ ಎರಡು ಮೂರು ಅಗಲದಲ್ಲಿ ಹಾಕಿ ನೋಡದೆ ಹಿಸ್ಟೋಗ್ರಾಮನ್ನು ನಂಬಬೇಡಿ. ಅಗಲಗಳು ಒಂದೇ ಸಮ ಇಲ್ಲದಿದ್ದರೆ ಕಂಬದ ಎತ್ತರಕ್ಕೆ ಬೆಲೆಯಿಲ್ಲ, ವಿಸ್ತೀರ್ಣವನ್ನೇ ಆವೃತ್ತಿಗೆ, ಅಂದರೆ ಆ ವರ್ಗದಲ್ಲಿ ಬಿದ್ದವರ ಸಂಖ್ಯೆಗೆ, ಹೊಂದಿಸಬೇಕು.

ಸರಾಸರಿಗೊಂದು ಕಂಬ ಹಾಕಿದರೆ ಸಾಲದೆ? ಎಲ್ಲವನ್ನೂ ಯಾಕೆ ತೋರಿಸಬೇಕು?

ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಅಂಕಿ ಆ ಎರಡೂ ಊರಿನವರಿಗೆ ಅಪರಿಚಿತ. ಅಂಕಿಗಳು ಮೂವತ್ತು ನಲವತ್ತರ ಒಳಗಿದ್ದರೆ ಪ್ರತಿಯೊಂದಕ್ಕೂ ಒಂದು ಚುಕ್ಕಿ ಇಟ್ಟು, ಮಧ್ಯಾಂಕದಲ್ಲಿ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯಲ್ಲಿ) ಒಂದು ಗೆರೆ ಎಳೆದರೆ ಸಾಕು. ನೂರಾರು ಇದ್ದರೆ ಬಾಕ್ಸ್ ಪ್ಲಾಟ್ ಇದೆ. ನಡುವಿನ ಅರ್ಧದಷ್ಟು ಅಂಕಿಗಳು ಪೆಟ್ಟಿಗೆಯೊಳಗೆ, ಮಧ್ಯಾಂಕ ಪೆಟ್ಟಿಗೆಯೊಳಗಿನ ಗೆರೆ, ಉಳಿದವು ಮೀಸೆ. ಆದರೆ ಸಾಮಾನ್ಯ ಓದುಗರಿಗೆ ಅದನ್ನು ಓದುವುದು ಹೇಗೆಂದು ಹೇಳಿಕೊಡಬೇಕಾಗುತ್ತದೆ. ಪತ್ರಿಕೆಗೆ ನಾನು ಅದನ್ನು ಕೊಡುವುದಿಲ್ಲ.

ಬೆಳೆ ಎರಡು ಪಟ್ಟಾಯಿತು ಎಂದು ತೋರಿಸಲು ಎರಡು ಪಟ್ಟು ದೊಡ್ಡ ತೆಂಗಿನಕಾಯಿ ಬರೆದರೆ?

ಎತ್ತರ ಎರಡು ಪಟ್ಟಾದರೆ ಅಗಲವೂ ಎರಡು ಪಟ್ಟಾಗುತ್ತದೆ, ಹಾಳೆಯ ಮೇಲೆ ಕಾಯಿ ನಾಲ್ಕು ಪಟ್ಟು ಜಾಗ ತಿನ್ನುತ್ತದೆ. ನೋಡುವವರ ಮನಸ್ಸಿಗೆ ತಟ್ಟುವುದು ಆ ನಾಲ್ಕು. ಒಂದೇ ಅಳತೆಯ ಎರಡು ಕಾಯಿ ಪಕ್ಕಪಕ್ಕ ಬರೆಯಿರಿ.

### ಅಕ್ಷ ಮತ್ತು ಅಳತೆ

ಲಂಬ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕೆ?

ಕಂಬಕ್ಕೆ ಹೌದು, ಗೆರೆಗೆ ಅಗತ್ಯವಿಲ್ಲ. ಕಂಬದಲ್ಲಿ ನಾವು ಓದುವುದು ಉದ್ದವನ್ನು. ಬುಡ ಕತ್ತರಿಸಿದರೆ ಉದ್ದ ಸುಳ್ಳಾಗುತ್ತದೆ. ಗೆರೆಯಲ್ಲಿ ಓದುವುದು ಏರಿಳಿತವನ್ನು. ಜ್ವರದ ರೋಗಿಯ ತಾಪದ ಪಟ್ಟಿಯನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 98.6ಕ್ಕೂ 103ಕ್ಕೂ ಕೂದಲೆಳೆಯ ಅಂತರ ಕಾಣುತ್ತದೆ, ದಾದಿ ಮಾತ್ರೆ ಕೊಡದೆ ಮುಂದೆ ಹೋಗುತ್ತಾಳೆ.

ಇದಕ್ಕಿಂತ ಸೂಕ್ಷ್ಮವಾದ ಪಾಠ ನಮ್ಮ ಕೆಆರ್‌ಎಸ್ ಅಣೆಕಟ್ಟೆಯಲ್ಲಿದೆ. ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ದಿನವೂ ನೀರಿನ ಮಟ್ಟ ಅಡಿಗಳಲ್ಲಿ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.452 ಟಿಎಂಸಿ (ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ). ಮಟ್ಟ 100 ಅಡಿ ಮುಟ್ಟಿದ ದಿನ ಸೊನ್ನೆಯಿಂದ ಶುರುವಾದ, ಶಾಸ್ತ್ರಬದ್ಧವಾದ ಕಂಬ ಹಾಕಿದಿರಿ ಎನ್ನಿ. ಅಣೆಕಟ್ಟೆ ಶೇ 80ರಷ್ಟು ತುಂಬಿದಂತೆ ಕಾಣುತ್ತದೆ. ಆದರೆ ಕಣಿವೆಯ ಬಾಯಿ ಅಗಲ, ತಳ ಕಿರಿದು. 100 ಅಡಿಯಲ್ಲಿ ಇರುವ ನೀರು ಪೂರ್ಣ ಸಂಗ್ರಹದ ಅರ್ಧಕ್ಕಿಂತಲೂ ಕಡಿಮೆ. ಮೇಲಿನ 25 ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರು ಕೂರುತ್ತದೆ. ಇಲ್ಲಿ ಅಕ್ಷದಲ್ಲಿ ತಪ್ಪಿಲ್ಲ, ಅಳೆಯಲು ಆರಿಸಿದ ವಸ್ತುವೇ ತಪ್ಪು. ಮಂಡ್ಯದ ರೈತನಿಗೆ ಬೇಕಾದದ್ದು ನಾಲೆಗೆ ಬಿಡಲು ನೀರೆಷ್ಟಿದೆ ಎಂಬುದು. ಹಾಗಾಗಿ ಟಿಎಂಸಿಯಲ್ಲಿ ಹಾಕಿ, ಹಿಂದಿನ ವರ್ಷದ ಇದೇ ದಿನದ ಸಂಗ್ರಹವನ್ನು ಪಕ್ಕದಲ್ಲಿಡಿ.

ನಡುವೆ ಕೆಲವು ವರ್ಷಗಳ ಅಂಕಿ ಸಿಗಲಿಲ್ಲ. ಗೆರೆ ಎಳೆದುಬಿಡಲೆ?

ಎಳೆಯಿರಿ, ಆದರೆ ಅಂಕಿಯಿಲ್ಲದ ಕಡೆ ತುಂಡು ಗೆರೆ ಹಾಕಿ, ಇರುವ ಕಡೆ ಚುಕ್ಕಿ ಇಡಿ. ಇದಕ್ಕಿಂತ ದೊಡ್ಡ ಮೋಸ ತಿಳಿಯದೆ ನಡೆಯುತ್ತದೆ. 1991, 2001, 2011, 2015 ಎಂದು ಸ್ಪ್ರೆಡ್‌ಶೀಟಿನಲ್ಲಿ ಬರೆದರೆ ಅದು ವರ್ಷಗಳನ್ನು ಬರಿಯ ಹೆಸರೆಂದು ತಿಳಿದು ಹತ್ತು ವರ್ಷಕ್ಕೂ ನಾಲ್ಕು ವರ್ಷಕ್ಕೂ ಒಂದೇ ಅಂತರ ಕೊಡಬಹುದು. ಕೊನೆಯ ತುಂಡು ಇದ್ದುದಕ್ಕಿಂತ ಮಂದಗತಿಯಾಗಿ ಕಾಣುತ್ತದೆ. ಅಂತರವನ್ನು ಅಳತೆಪಟ್ಟಿ ಹಿಡಿದು ನೋಡಿ.

ಎಡಕ್ಕೊಂದು ಬಲಕ್ಕೊಂದು ಅಕ್ಷ ಹಾಕಿ ಎರಡು ಗೆರೆ ತೋರಿಸಬಹುದೆ?

ಬೇಡ. ಎರಡು ಅಕ್ಷಗಳ ಪ್ರಮಾಣ ನಿಮ್ಮ ಕೈಯಲ್ಲಿರುವಾಗ ಚಿನ್ನದ ದರವನ್ನೂ ಈರುಳ್ಳಿ ದರವನ್ನೂ ಅಣ್ಣತಮ್ಮಂದಿರಂತೆ ಜೊತೆಗೆ ನಡೆಸಬಹುದು, ಬೇಕೆಂದ ಕಡೆ ಒಂದನ್ನೊಂದು ದಾಟಿಸಬಹುದು. ಆ ದಾಟುವಿಕೆಗೆ ಯಾವ ಅರ್ಥವೂ ಇರುವುದಿಲ್ಲ. ಮೇಲೊಂದು ಕೆಳಗೊಂದು ಎಂದು ಎರಡು ನಕ್ಷೆ ಮಾಡಿ, ಕಾಲದ ಅಕ್ಷ ಮಾತ್ರ ಒಂದೇ ಇರಲಿ. ಇಲ್ಲವೇ ಮೊದಲ ವರ್ಷದ ಬೆಲೆಯನ್ನು 100 ಎಂದಿಟ್ಟು ಎರಡನ್ನೂ ಅದಕ್ಕೆ ಹೋಲಿಸಿ. ತಿಂಗಳ ಮಳೆಯ ಕಂಬಗಳ ಮೇಲೆ ತಾಪಮಾನದ ಗೆರೆ ಹಾಕುವ ಭೂಗೋಳದ ನಕ್ಷೆಗೆ ಮಾತ್ರ ವಿನಾಯಿತಿ. ಅಲ್ಲಿ ಯಾರೂ ಎತ್ತರಗಳನ್ನು ಒಂದಕ್ಕೊಂದು ಹೋಲಿಸುವುದಿಲ್ಲ.

ಲಾಗ್ ಸ್ಕೇಲ್ ಎಂದರೇನು? ಯಾವಾಗ ಬೇಕು?

ಸಾಮಾನ್ಯ ಅಕ್ಷದಲ್ಲಿ ಒಂದೊಂದು ಮೆಟ್ಟಿಲಿಗೂ ಅಷ್ಟಷ್ಟೇ ಕೂಡುತ್ತ ಹೋಗುತ್ತೇವೆ. ಲಾಗ್ ಅಕ್ಷದಲ್ಲಿ ಅಷ್ಟಷ್ಟರಿಂದಲೇ ಗುಣಿಸುತ್ತ ಹೋಗುತ್ತೇವೆ. ನೂರು, ಸಾವಿರ, ಹತ್ತು ಸಾವಿರ, ಲಕ್ಷ ಎಲ್ಲ ಸಮಾನ ದೂರದಲ್ಲಿ ಕೂರುತ್ತವೆ.

ಕರ್ನಾಟಕದ ಜನಸಂಖ್ಯೆ 1971ರಿಂದ 1981ರವರೆಗೆ ಸುಮಾರು 78 ಲಕ್ಷ ಹೆಚ್ಚಿತು. 2001ರಿಂದ 2011ರವರೆಗೆ ಸುಮಾರು 82 ಲಕ್ಷ. ಸಾಮಾನ್ಯ ಗೆರೆಯಲ್ಲಿ ಎರಡನೆಯದೇ ಕಡಿದಾಗಿ ಕಾಣುತ್ತದೆ. ಆದರೆ ಬೆಳವಣಿಗೆಯ ದರ ಮೊದಲ ದಶಕದಲ್ಲಿ ಶೇ 26.75 ಇದ್ದದ್ದು ಕೊನೆಯದರಲ್ಲಿ ಶೇ 15.60ಕ್ಕೆ ಇಳಿದಿತ್ತು. ಲಾಗ್ ಅಕ್ಷದಲ್ಲಿ ಗೆರೆ ಬಾಗುತ್ತ ಬರುವುದು ಕಾಣುತ್ತದೆ. ಎಷ್ಟು ಶಾಲೆ, ಎಷ್ಟು ಅಕ್ಕಿ ಬೇಕು ಎಂದು ಲೆಕ್ಕ ಹಾಕುವವರಿಗೆ ಮೊದಲ ನಕ್ಷೆ, ಬೆಳವಣಿಗೆ ತಗ್ಗುತ್ತಿದೆಯೇ ಎಂದು ಕೇಳುವವರಿಗೆ ಎರಡನೆಯದು. ಲಾಗ್ ಬಳಸಿದ್ದನ್ನು ನಕ್ಷೆಯ ಮೇಲೆಯೇ ದೊಡ್ಡದಾಗಿ ಬರೆಯಿರಿ, ಮತ್ತು ಅದರ ಮೇಲೆ ಕಂಬ ಹಾಕಬೇಡಿ. ಲಾಗ್ ಅಕ್ಷಕ್ಕೆ ಸೊನ್ನೆಯೇ ಇಲ್ಲ.

### ಮುಂದಿನ ಮೆಟ್ಟಿಲು

ಓದಿದ ಗಂಟೆಗೂ ಬಂದ ಅಂಕಕ್ಕೂ ಸಂಬಂಧವಿದೆಯೇ ಎಂದು ತೋರಿಸಬೇಕು. ಕಂಬ ಹಾಕಿದರೆ ಗಜಿಬಿಜಿಯಾಗುತ್ತಿದೆ.

ಇದು ಚುಕ್ಕಿ ನಕ್ಷೆಯ, ಅಂದರೆ ಸ್ಕ್ಯಾಟರ್ ಪ್ಲಾಟಿನ ಕೆಲಸ. ಅಡ್ಡಕ್ಕೆ ಗಂಟೆ, ಲಂಬಕ್ಕೆ ಅಂಕ, ವಿದ್ಯಾರ್ಥಿಗೊಂದು ಚುಕ್ಕಿ. ಸಹಸಂಬಂಧ ಗುಣಾಂಕವನ್ನು (ಎರಡು ಅಂಕಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಸಂಖ್ಯೆಯನ್ನು) ಲೆಕ್ಕ ಹಾಕಿದ್ದೇನೆ, ಚಿತ್ರ ಯಾಕೆ ಎನ್ನುವವರಿಗೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲೇ ಉತ್ತರ ಕೊಟ್ಟಿದ್ದಾರೆ. ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಗುಂಪುಗಳನ್ನು ಅವರು ಹೆಣೆದರು. ನಾಲ್ಕರಲ್ಲೂ ಸರಾಸರಿ ಒಂದೇ, ಗುಣಾಂಕ ಸುಮಾರು 0.82. ಬರೆದು ನೋಡಿದರೆ ಒಂದು ಸಾಧಾರಣ ಚದುರು, ಒಂದು ಬಿಲ್ಲಿನಂತೆ ಬಾಗಿದ್ದು, ಒಂದು ನೇರ ಗೆರೆಯಲ್ಲಿ ಒಬ್ಬನೇ ದಾರಿ ತಪ್ಪಿದವನು, ಇನ್ನೊಂದರಲ್ಲಿ ಒಂದೇ ಒಂದು ಬಿಂದುವಿನಿಂದ ಹುಟ್ಟಿದ ಸಂಬಂಧ.

ಇಲ್ಲಿ ಇನ್ನೊಂದು ಎಚ್ಚರ ಬೇಕು, ಇದು ಪ್ರಾಣದ ಬೆಲೆ ತೆತ್ತು ಕಲಿತದ್ದು. 1986ರ ಜನವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಹಾರುವ ಹಿಂದಿನ ಸಂಜೆ, ಚಳಿಗೆ ಅದರ ರಾಕೆಟ್ಟಿನ ಸಂದುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಕೆಲಸ ಮಾಡದಿರಬಹುದೆಂದು ಎಂಜಿನಿಯರುಗಳು ವಾದಿಸಿದರು. ಚರ್ಚೆಯಲ್ಲಿ ಉಷ್ಣತೆಯ ಜೊತೆಗಿಟ್ಟು ನೋಡಿದ್ದು ಉಂಗುರಕ್ಕೆ ತೊಂದರೆಯಾದ ಹಾರಾಟಗಳನ್ನು ಮಾತ್ರ. ಅವು ಚಳಿಯಲ್ಲೂ ಇದ್ದವು, ಸೆಕೆಯಲ್ಲೂ ಇದ್ದವು, ಹಾಗಾಗಿ ಸಂಬಂಧ ಕಾಣಲಿಲ್ಲ. ಏನೂ ಆಗದ ಹಾರಾಟಗಳನ್ನೂ ಚುಕ್ಕಿಗಳಾಗಿ ಇಟ್ಟಿದ್ದರೆ ಅವೆಲ್ಲ ಬೆಚ್ಚಗಿನ ದಿನಗಳಲ್ಲಿ ಗುಂಪುಗೂಡುತ್ತಿದ್ದವು. ನೌಕೆ ಸಿಡಿದು ಏಳು ಮಂದಿ ಸತ್ತರು. ಫೇಲಾದವರ ಗಂಟೆಗಳನ್ನಷ್ಟೇ ನಕ್ಷೆಗೆ ಇಳಿಸುವ ಮುನ್ನ ಇದು ನೆನಪಿರಲಿ.

ಜಿಲ್ಲಾವಾರು ಅಂಕಿ ಇದೆ, ಭೂಪಟಕ್ಕೆ ಬಣ್ಣ ತುಂಬಿದರೆ ಚೆನ್ನಾಗಿರುತ್ತದೆ ಅಲ್ಲವೇ?

ಚೆನ್ನಾಗಿರುತ್ತದೆ, ಅದೇ ಅಪಾಯ. ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು, 2011ರಲ್ಲಿ ಅಲ್ಲಿದ್ದವರು 14.37 ಲಕ್ಷ. ಬೆಂಗಳೂರು ನಗರ ಜಿಲ್ಲೆ ಸುಮಾರು 2,200 ಚದರ ಕಿಲೋಮೀಟರ್, ಅಲ್ಲಿದ್ದವರು 96.21 ಲಕ್ಷ. ಭೂಪಟದಲ್ಲಿ ಕಾಡು ಗೆಲ್ಲುತ್ತದೆ, ಜನ ಸೋಲುತ್ತಾರೆ. ಚುನಾವಣೆಯ ರಾತ್ರಿ ಟಿವಿಯಲ್ಲಿ ಉತ್ತರ ಕನ್ನಡದ 6 ಕ್ಷೇತ್ರಗಳು ಪರದೆ ತುಂಬಿಕೊಂಡಾಗ ಬೆಂಗಳೂರಿನ 28 ಕ್ಷೇತ್ರಗಳು ಒಂದು ಬೊಟ್ಟಿನಷ್ಟು ಜಾಗದಲ್ಲಿ ಕಿಕ್ಕಿರಿದಿರುತ್ತವೆ. ಬಣ್ಣ ತುಂಬುವುದಾದರೆ ಒಟ್ಟು ಸಂಖ್ಯೆಯನ್ನು ಬಿಟ್ಟು ದರವನ್ನು ತುಂಬಿ. ಸಂಖ್ಯೆಯೇ ಬೇಕಿದ್ದರೆ ಜಿಲ್ಲೆಯ ಮೇಲೆ ಅದಕ್ಕೆ ತಕ್ಕ ಗಾತ್ರದ ವೃತ್ತ ಇಡಿ.

ಜಾಗವೇ ಕಾರಣವಾದಾಗ ಮಾತ್ರ ಭೂಪಟಕ್ಕೆ ಸಾಟಿಯಿಲ್ಲ. 1854ರಲ್ಲಿ ಲಂಡನ್ನಿನ ಕಾಲರಾ ಸಾವುಗಳನ್ನು ವೈದ್ಯ ಜಾನ್ ಸ್ನೋ ಮನೆಮನೆಯ ಲೆಕ್ಕದಲ್ಲಿ ಭೂಪಟದ ಮೇಲೆ ಗುರುತಿಸಿದಾಗ ಅವು ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತ ಮುತ್ತಿಕೊಂಡಿದ್ದವು. ಯಾವ ಕಂಬದ ನಕ್ಷೆಯಲ್ಲೂ ಆ ಪಂಪು ಕಾಣುತ್ತಿರಲಿಲ್ಲ.

ಎಷ್ಟು ಬಣ್ಣ ಬಳಸಬಹುದು?

ಕಡಿಮೆಯಾದಷ್ಟೂ ಒಳ್ಳೆಯದು. ಹೇಳಬೇಕಾದ ಜಿಲ್ಲೆಗೊಂದು ಗಾಢ ಬಣ್ಣ, ಉಳಿದದ್ದಕ್ಕೆಲ್ಲ ಬೂದು. ಕೆಂಪು ಹಸಿರು ಜೋಡಿಯನ್ನು ಬಿಡಿ, ಅವೆರಡನ್ನು ಬೇರ್ಪಡಿಸಿ ನೋಡಲಾಗದ ಗಂಡಸರು ನೀವು ಎಣಿಸಿದ್ದಕ್ಕಿಂತ ಹೆಚ್ಚು ಇದ್ದಾರೆ. ನಿಮ್ಮ ವರದಿ ಕೊನೆಗೆ ಜೆರಾಕ್ಸ್ ಆಗಿಯೇ ಎಲ್ಲರ ಕೈ ಸೇರುವುದು ಎಂಬುದನ್ನೂ ಮರೆಯಬೇಡಿ. ಗೆರೆಯ ಹೆಸರನ್ನು ಗೆರೆಯ ತುದಿಯಲ್ಲೇ ಬರೆದರೆ ಮೂಲೆಯ ಬಣ್ಣದ ಪಟ್ಟಿಯೇ ಬೇಕಾಗದು.

ಮೂರು ಆಯಾಮದ ಕಂಬ?

ಬೇಡ. ಹಿಂದಿನ ಕಂಬ ಮುಂದಿನದರ ಮರೆಗೆ ಹೋಗುತ್ತದೆ, ಮುಂದಿನದರ ತುದಿ ಯಾವ ಅಂಕಿಗೆ ನೇರವಾಗಿದೆ ಎಂದು ಬರೆದವರಿಗೂ ತಿಳಿಯದು.

ನಕ್ಷೆ ಸರಿಯಾಗಿದೆ, ಆದರೆ ಕನ್ನಡ ಅಕ್ಷರ ಒಡೆದುಹೋಗುತ್ತದೆ. ಏನು ಮಾಡಲಿ?

ಇದರಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಹೆಸರುಗಳು ಬೇರೆ ಫಾಂಟಿಗೆ ಬಂದಾಗ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತವೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಎರಡನೆಯದು ಯೂನಿಕೋಡಿನಲ್ಲೇ ಬರೆದಿದ್ದರೂ "ಕ್ಕ" ಎಂಬುದು ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ ಎಂಬಂತೆ ಬಿಡಿಬಿಡಿಯಾಗಿ ನಿಲ್ಲುವುದು. ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಬಳಸುವವರು ಇದನ್ನು ಚೆನ್ನಾಗಿ ಬಲ್ಲರು. ಅದರ ಹಲವು ಆವೃತ್ತಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಫಾಂಟನ್ನು ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿದರೂ ವಾಸಿಯಾಗದು, ಏಕೆಂದರೆ ತಪ್ಪು ಫಾಂಟಿನದ್ದಲ್ಲ. ನಕ್ಷೆಯನ್ನು ಎಸ್‌ವಿಜಿ ಕಡತವಾಗಿ, ಅಕ್ಷರಗಳನ್ನು ಅಕ್ಷರಗಳಾಗಿಯೇ ಉಳಿಸಿಕೊಂಡು ಹೊರತೆಗೆದು ಬ್ರೌಸರಿನಲ್ಲಿ ತೆರೆಯಿರಿ. ಒತ್ತು ಜೋಡಿಸುವ ಕೆಲಸವನ್ನು ಬ್ರೌಸರ್ ಮಾಡುತ್ತದೆ. ಆರ್ ಬಳಸುವವರು ಚಿತ್ರ ಉಳಿಸುವಾಗ ರಾಗ್ ಎಂಬ ಪ್ಯಾಕೇಜನ್ನು ಬಳಸಿದರೆ ಸಾಕು. ಏನೂ ಆಗದಿದ್ದರೆ ಅಕ್ಷರವಿಲ್ಲದ ನಕ್ಷೆ ತೆಗೆದು, ಹೆಸರುಗಳನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಒಂದೊಂದಾಗಿ ಕೂರಿಸಿ. ಮೂವತ್ತೊಂದು ಜಿಲ್ಲೆಗೆ ಅರ್ಧ ಗಂಟೆಯ ಕೆಲಸ. ಅಚ್ಚಿಗೆ ಕಳಿಸುವ ಮುನ್ನ "ಚಿಕ್ಕಬಳ್ಳಾಪುರ"ವನ್ನು ಒಮ್ಮೆ ಓದಿ ನೋಡಿ. ಅದು ಸರಿಯಿದ್ದರೆ ಉಳಿದವೂ ಬಹುಪಾಲು ಸರಿಯಿರುತ್ತವೆ.